ಮೆಲ್ಲಣ್ಣನ ಅಂಗಿ

ಮೆಲ್ಲಣ್ಣ ತೀರಿಕೊಂಡ ಸುದ್ದಿ ದರ್ಜಿ ಅಜ್ಜನಿಗೆ ತಿಳಿದದ್ದು ಭಾನುವಾರ ಮಧ್ಯಾಹ್ನ, ಗುಂಡಿ ಹಾಕುವ ಕಾಜಾ ಹೊಲಿಯುತ್ತಿದ್ದಾಗ. ಹೇಳಿದವಳು ಮೊಮ್ಮಗಳು. ಸಣಕಲು ಮೈಯ ಅವಳನ್ನು ಅಜ್ಜ ಗುಂಡುಸೂಜಿ ಎಂದೇ ಕರೆಯುತ್ತಿದ್ದ.

"ಮೆಲ್ಲಣ್ಣ ಸತ್ತೋದ," ಎಂದಳು ಗೋಡೆ ನೋಡುತ್ತ.

ಮೆಲ್ಲಣ್ಣ ಅವಳೊಬ್ಬಳ ಗೆಳೆಯ, ಬೇರೆ ಯಾರ ಕಣ್ಣಿಗೂ ಬಿದ್ದವನಲ್ಲ. ಗುಂಡುಸೂಜಿಗೆ ಆಟಿಸಂ. ಇಂಥ ಮಕ್ಕಳಿಗೆ ಕಲ್ಪನೆಯ ಆಟ ಒಗ್ಗುವುದಿಲ್ಲವೆಂದು ಯಾರೋ ಹೇಳಿದ್ದನ್ನು ಅಜ್ಜನ ಮಗ, ಅವಳಪ್ಪ, ಗಟ್ಟಿಯಾಗಿ ಹಿಡಿದುಕೊಂಡಿದ್ದ. ಮಗಳು ಹೊಲಿಗೆ ಮೇಜಿನ ಕೆಳಗೆ ಕೂತು ಮೆಲ್ಲಣ್ಣನೊಡನೆ ಮಾತಾಡಿದರೆ ಅವನಿಗೆ ಅದು ಆಟವೆಂದು ತೋರಲಿಲ್ಲ, ಇನ್ನೊಂದು ಕಾಯಿಲೆಯೆಂದೇ ತೋರಿತು. ಅಜ್ಜ ವಾದಕ್ಕೆ ಹೋಗಲಿಲ್ಲ. "ಅವನಿಗೆ ಅಂಗಿ ಇಲ್ಲ" ಎಂದು ಅವಳು ಹೇಳಿದ ದಿನ ಟೇಪು ಹಿಡಿದು ಬಗ್ಗಿದ.

"ಅಜ್ಜಾ, ಅದು ಅವನ ಕಿವಿ. ಭುಜ ಇಲ್ಲಿದೆ."

"ತಪ್ಪಾಯ್ತಮ್ಮ. ಅಲ್ಲಾಡಬೇಡ ಅಂತ ಹೇಳು ಅವನಿಗೆ."

"ಅವನು ಅಲ್ಲಾಡ್ತಿಲ್ಲ. ನಿನ್ನ ಕೈಯೇ ನಡುಗ್ತಿದೆ."

ಮಿಕ್ಕ ನೀಲಿ ಬಟ್ಟೆಯಲ್ಲಿ ಪುಟ್ಟ ಅಂಗಿ ಸಿದ್ಧವಾಯಿತು. ಮೇಜಿನ ಕೆಳಗಿನ ಮೊಳೆಗೆ ಅವಳೇ ತೂಗುಹಾಕಿದಳು.

ಈ ಭಾನುವಾರ ಅವಳಪ್ಪ ಆ ಅಂಗಿಯನ್ನು ಪಕ್ಕದ ಮನೆಯ ಮಗುವಿಗೆ ತೊಡಿಸಿ ಕರೆತಂದಿದ್ದ. "ನೋಡು ಮರಿ, ನಿಜವಾದ ಗೆಳೆಯ! ಇನ್ನು ಇವನ ಜೊತೆ ಆಡು." ಅವಳು ಒಮ್ಮೆ ನೋಡಿ, ನೆಟ್ಟಗೆ ಅಜ್ಜನ ಬಳಿಗೆ ಬಂದಿದ್ದಳು.

"ಸತ್ತ ಅಂತ ಯಾರಮ್ಮ ಹೇಳಿದ್ದು?"

"ಅಜ್ಜಿ ಸತ್ತಾಗ ಅಜ್ಜಿ ಬಟ್ಟೆ ಎಲ್ಲ ಬೇರೆಯವರಿಗೆ ಕೊಟ್ರಿ. ಇವನದೂ ಕೊಟ್ರಿ."

"ಇನ್ನೊಂದು ಹೊಲಿದು ಕೊಡ್ತೀನಿ, ಕಂದಾ."

"ಯಾರಿಗೆ?"

ಅಜ್ಜ ಕೈಯಲ್ಲಿದ್ದ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟ.

ಆಮೇಲೆ ಅವಳು ತುಟಿ ಬಿಚ್ಚಲಿಲ್ಲ. ಮೇಜಿನ ಕೆಳಗೆ ಸದ್ದಿಲ್ಲದ್ದನ್ನು ಕಂಡು ಮಗ ಹಿಗ್ಗಿದ. "ಅಂತೂ ಪೀಡೆ ತೊಲಗಿತು ಅಪ್ಪಾ! ಒಬ್ಬೊಬ್ಬಳೇ ಮಾತಾಡೋದು ನಿಂತೇಹೋಯ್ತು."

"ನಿನ್ನ ಜೊತೆ ಮಾತಾಡಿದಳೇನೋ?"

ಮಗ ಬಗ್ಗಿ ಮೇಜಿನ ಕೆಳಗೆ ನೋಡಿದ.

ಸಂಜೆ ಅಜ್ಜ ಪ್ರಾರ್ಥನೆಗೆ ಕೂತಾಗ ಗುಂಡುಸೂಜಿ ಬಂದು ಪಕ್ಕದಲ್ಲಿ ಕೂತಳು. "ಅಜ್ಜಿಗೆ ಹೇಳ್ತೀಯಲ್ಲ, ಹಾಗೇ ಮೆಲ್ಲಣ್ಣನಿಗೂ ಹೇಳು."

ಹುಟ್ಟದವನಿಗೆ ಶಾಂತಿ ಕೋರಿದರೆ ದೇವರೊಡನೆ ಹುಡುಗಾಟವಾದೀತೇನೋ ಎಂದು ಅಜ್ಜ ಅಳುಕಿದ. ಆದರೆ ಅಳತೆ ತೆಗೆದ ಕೈ, ಅವನು ಇರಲೇ ಇಲ್ಲವೆನ್ನಲು ಒಪ್ಪಲಿಲ್ಲ. ಆ ಕೈಗಳನ್ನೇ ಜೋಡಿಸಿದ.

"ಸ್ವಾಮೀ, ನಮ್ಮ ಮೆಲ್ಲಣ್ಣ ಬರಿಮೈಯಲ್ಲಿ ನಿನ್ನ ಬಳಿಗೆ ಬಂದಿದ್ದಾನೆ. ಯಾರಿಗೂ ಕೇಡು ಬಗೆದವನಲ್ಲ. ನನ್ನವಳ ಮಗ್ಗುಲಲ್ಲಿ ಅವನಿಗೂ ಒಂದಿಷ್ಟು ಜಾಗ ಕೊಡು. ಅಲ್ಲಿಂದ ಅವನನ್ನು ಯಾರೂ ಎಬ್ಬಿಸದಿರಲಿ. ಅವನ ಆತ್ಮಕ್ಕೆ ಶಾಂತಿ ಸಿಗಲಿ."