ಹೊರಡೋಣ ಅನ್ನುವವರು ಯಾರು

ಟೈಲರಮ್ಮನ ಗಂಡನ ಅಣ್ಣ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ಯಾವ ಬಸ್ಸು ಯಾವಾಗ ಹೊರಡಬೇಕೆಂದು ನೋಡಿ ಸೀಟಿ ಊದುವುದು ಅವರ ಕೆಲಸ. ಅದು ನಿಲ್ದಾಣದಲ್ಲೇ ಮುಗಿದಿದ್ದರೆ ಯಾರಿಗೂ ತಕರಾರಿರಲಿಲ್ಲ. ಮನೆಮಂದಿಯೆಲ್ಲ ಪ್ರವಾಸ ಹೊರಟರೂ ಅವರದೇ ಕಾರುಬಾರು. ಎಲ್ಲಿ ಇಳಿಯಬೇಕು, ಎಷ್ಟು ಹೊತ್ತು ನಿಲ್ಲಬೇಕು, ಯಾರು ಏನು ತಿನ್ನಬೇಕು, ಎಲ್ಲಕ್ಕೂ ಅವರ ಅಪ್ಪಣೆ. ಯಾರೂ ತುಟಿ ಪಿಟಕ್ಕೆನ್ನುವಂತಿಲ್ಲ, ಯಾಕೆಂದರೆ ಖರ್ಚೆಲ್ಲ ಅವರದು. ಮನುಷ್ಯ ಕೆಟ್ಟವರೇನಲ್ಲ, ಕೈ ಬಿಚ್ಚಿ ಖರ್ಚು ಮಾಡುವವರು. ಆದರೆ ದುಡ್ಡು ಕೊಟ್ಟವರ ಮಾತೇ ನಡೆಯಬೇಕು ಎನ್ನುವುದು ಆ ಮನೆಯ ಕಾನೂನಾಗಿ ಹೋಗಿತ್ತು.

ಹಿಂದಿನ ಸಲ ಸಮುದ್ರಕ್ಕೆ ಹೋದಾಗ ಅತ್ತೆ ಮರಳಿನ ಮೇಲೆ ಕೂತು ಆಗಷ್ಟೇ ಕಾಲು ಚಾಚಿದ್ದರು. "ಟೈಮಾಯ್ತು, ನಡೀರಿ" ಎಂದರು ಭಾವ. ಎಲ್ಲರೂ ಎದ್ದರು. ಅತ್ತೆಯ ತೋಳು ಹಿಡಿದು ಕಾರಿನವರೆಗೆ ಕರೆತಂದವಳು ಟೈಲರಮ್ಮ. "ಸೂರ್ಯ ಮುಳುಗೋವರೆಗೂ ಇದ್ದಿದ್ರೆ ಚೆನ್ನಾಗಿತ್ತು" ಎಂದು ಅತ್ತೆ ಗೊಣಗಿದ್ದು ಅವಳೊಬ್ಬಳ ಕಿವಿಗೇ ಬಿತ್ತು. ಅವಳಿಗೆ ಪಾಪ ಎನಿಸಿತು. ಸಿಟ್ಟೂ ಬಂತು. ಸೂರ್ಯ ಮುಳುಗುವುದನ್ನು ನೋಡಲಿಕ್ಕೂ ಮಗನ ಅಪ್ಪಣೆ ಬೇಕೆ?

ಅವಳು ಹೊಲಿಯುವುದು ಶಾಲಾ ಸಮವಸ್ತ್ರ. ಬಟ್ಟೆಯ ಥಾನು, ಜಿಪ್ಪು, ಗುಂಡಿ, ದಾರ, ಮೆಷೀನಿನ ಎಣ್ಣೆ, ಎಲ್ಲವನ್ನೂ ಅಂದಿನಿಂದ ಕ್ರೆಡಿಟ್ ಕಾರ್ಡಿನಲ್ಲೇ ತರತೊಡಗಿದಳು. ಚಿಲ್ಲರೆ ಸೂಜಿಗೂ ಕಾರ್ಡು ಚಾಚಿದಾಗ ದಾರದಂಗಡಿಯವನು ಮೂಗು ಮುರಿದ. ಮುರಿದರೆ ಮುರಿಯಲಿ, ಅವನ ಮೂಗು ಎಂದುಕೊಂಡಳು. ಬಿಲ್ಲನ್ನು ಗಡುವಿನೊಳಗೇ ಕಟ್ಟಿ, ಖರೀದಿ ಮಾಡಿದಷ್ಟೂ ಕಾರ್ಡಿನಲ್ಲಿ ಸೇರುವ ಬಹುಮಾನದ ಪಾಯಿಂಟುಗಳನ್ನು ಮಾತ್ರ ಮುಟ್ಟದೆ ಬಿಟ್ಟಳು. ಶಾಲೆಗಳು ತೆರೆಯುವ ಕಾಲ ಬಂದು ಹೋಗುವಷ್ಟರಲ್ಲಿ ಅವು ಕಡಲ ದಂಡೆಯ ಹೋಟೆಲಿನಲ್ಲಿ ಒಂದು ರಾತ್ರಿಗೆ ಎರಡು ರೂಮು ಹಿಡಿಯುವಷ್ಟು ಬೆಳೆದಿದ್ದವು.

ಊಟಕ್ಕೆ ಕೂತಾಗ ವಿಷಯ ಹೇಳಿದಳು. ಭಾವ ನಕ್ಕರು. "ಪಾಯಿಂಟಲ್ಲಿ ರೂಮಾ? ಹೆಚ್ಚಂದ್ರೆ ಒಂದು ಸೋಪ್ ಡಬ್ಬಿ ಕೊಡ್ತಾರೆ ಕಣಮ್ಮ."

"ಬಂದು ನೋಡಿ ಭಾವ" ಎಂದಳು.

ಶನಿವಾರ ಹೋಟೆಲಿನ ಮುಂದೆ ಕಾರು ನಿಂತಿತು. ಮಂಡಿನೋವಿನ ಅತ್ತೆಯನ್ನು ಟೈಲರಮ್ಮ ನಿಧಾನವಾಗಿ ಇಳಿಸುವಷ್ಟರಲ್ಲಿ ಭಾವ ಒಳಗೆ ನುಗ್ಗಿ, ಎಂದಿನಂತೆ ಕೌಂಟರಿಗೆ ಮೊಣಕೈ ಊರಿ ತಮ್ಮ ಹೆಸರು ಹೇಳಿದ್ದರು. ಕೌಂಟರಿನ ಹುಡುಗಿ ಕಂಪ್ಯೂಟರಿನಲ್ಲಿ ಹುಡುಕಿ, ಇನ್ನೊಮ್ಮೆ ಕೇಳಿ, ಮತ್ತೂ ಹುಡುಕಿದಳು.

"ಆ ಹೆಸರಲ್ಲಿ ಯಾವ ರೂಮೂ ಇಲ್ಲ ಸರ್."

ಭಾವ ಗೆದ್ದವರಂತೆ ತಿರುಗಿದರು. "ನನಗೆ ಗೊತ್ತಿತ್ತು. ಪುಕ್ಕಟೆ ಅಂದ್ರೆ ಹೀಗೇನೇ. ನಡೀರಿ, ಹಿಂದಿನ ರಸ್ತೇಲಿ ನನಗೆ ಗೊತ್ತಿರೋ ಹೋಟೆಲಿದೆ. ದುಡ್ಡು ನಾನು ಕೊಡ್ತೀನಿ."

ಟೈಲರಮ್ಮನ ಗಂಡ ಚೀಲ ಎತ್ತಿಕೊಂಡ. ಓರಗಿತ್ತಿಯೂ ಎತ್ತಿಕೊಂಡಳು. ಅತ್ತೆ ಸೊಸೆಯ ಮುಖವನ್ನೊಮ್ಮೆ ನೋಡಿ, ಬಾಗಿಲ ಕಡೆ ಹೊರಳಿದರು. ಟೈಲರಮ್ಮನ ಕೈಯೂ ತನಗರಿವಿಲ್ಲದೆ ಚೀಲದ ಹಿಡಿಗೆ ಹೋಗಿತ್ತು. ಅವಳಿಗೆ ನಾಚಿಕೆಯಾಯಿತು. ಈಗ ಈ ಬಾಗಿಲು ದಾಟಿದರೆ ಮತ್ತೆ ಅದೇ ಕಥೆ. ದುಡ್ಡು ಭಾವನದು, ಸಂಜೆಯೂ ಭಾವನದು. ಅವಳು ಚೀಲ ಕೆಳಗಿಟ್ಟು ಕೌಂಟರಿಗೆ ಹೋದಳು.

"ರೂಮು ನನ್ನ ಹೆಸರಲ್ಲಿದೆ" ಎಂದು ಹೆಸರು ಹೇಳಿ ಕಾರ್ಡು ತೋರಿಸಿದಳು.

ಹುಡುಗಿಯ ಮುಖ ಅರಳಿತು. "ಇದೆ ಮೇಡಂ. ಎರಡು ರೂಮು, ಎರಡೂ ಸಮುದ್ರದ ಕಡೆಗೆ. ಎಲ್ಲಾ ಪಾಯಿಂಟಲ್ಲೇ ಆಗಿದೆ."

"ಹಂಗಾದ್ರೆ ಬಿಲ್ಲು?" ಭಾವ ಕೇಳಿದರು.

"ಬಿಲ್ಲಿಲ್ಲ ಸರ್."

"ಬೆಳಗಿನ ತಿಂಡಿ?"

"ಅದೂ ಸೇರಿದೆ ಸರ್."

ಭಾವ ಇನ್ನೇನು ಕೇಳಬಹುದೆಂದು ಯೋಚಿಸಿದರು. ಟೈಲರಮ್ಮ ಬೀಗದ ಕೈಗಳನ್ನು ತೆಗೆದುಕೊಂಡು ಒಂದನ್ನು ಓರಗಿತ್ತಿಯ ಕೈಗಿಟ್ಟಳು. "ಅಬ್ಬಾ, ಗಟ್ಟಿಗಿತ್ತಿ ಕಣೇ ನೀನು" ಎಂದು ಓರಗಿತ್ತಿ ಮೆಲ್ಲಗೆ ಅವಳ ತೋಳು ಚಿವುಟಿದಳು. ಟೈಲರಮ್ಮನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಸಂಜೆ ಎಲ್ಲರೂ ಮರಳಿಗಿಳಿದರು. ಅತ್ತೆ ಕಾಲು ಚಾಚಿ, ಹಿಂದಕ್ಕೆ ಕೈಯೂರಿ ಕೂತರು. ಟೈಲರಮ್ಮ ಅವರ ಮಗ್ಗುಲಲ್ಲೇ ಕೂತಳು. ಬಿಸಿಲು ಕೆಂಪಾಗುತ್ತಾ ಬಂತು. ಅಷ್ಟರಲ್ಲಿ ಭಾವ ಗಡಿಯಾರ ನೋಡಿಕೊಂಡು ಎದ್ದು ನಿಂತರು.

"ಇನ್ನು ಹೊರಡೋಣ. ಕತ್ತಲಾದ್ರೆ ದಾರಿ ಕಾಣಲ್ಲ."

ಗಂಡ ಅರ್ಧ ಎದ್ದ. ಓರಗಿತ್ತಿ ಮರಳು ಕೊಡವಿಕೊಳ್ಳತೊಡಗಿದಳು. ಟೈಲರಮ್ಮ ಅಲುಗಲಿಲ್ಲ.

"ಬೇಕಾದವರು ರೂಮಿಗೆ ಹೋಗಿ ಭಾವ, ಬೀಗದ ಕೈ ಅಕ್ಕನ ಹತ್ರ ಇದೆ. ಅತ್ತೆ ಸಾಕು ಅನ್ನೋವರೆಗೂ ನಾವಿಬ್ಬರೂ ಏಳಲ್ಲ."

ಇಷ್ಟು ವರ್ಷದಲ್ಲಿ ಭಾವನಿಗೆ ಅವಳು ಎದುರು ಹೇಳಿದ್ದು ಇದೇ ಮೊದಲು. ಗಂಡ ಅತ್ತ ಅಣ್ಣನನ್ನೂ ಇತ್ತ ಹೆಂಡತಿಯನ್ನೂ ನೋಡಿ, ಎದ್ದಷ್ಟೇ ಮೆಲ್ಲಗೆ ಕೂತುಬಿಟ್ಟ. ಓರಗಿತ್ತಿ ಕೊಡವುವುದನ್ನು ನಿಲ್ಲಿಸಿದಳು. ಭಾವ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅತ್ತೆ ಕುತ್ತಿಗೆ ಓರೆ ಮಾಡಿ ಅವರ ಆಚೆ ಇಣುಕಿದರು.

"ಕೂತ್ಕೊ ಮಗ. ಅಡ್ಡ ನಿಂತಿದೀಯ, ಸೂರ್ಯ ಕಾಣಿಸ್ತಿಲ್ಲ."

ಭಾವ ಕೂತರು. ಬೇರೆ ದಾರಿಯಿರಲಿಲ್ಲ. ಸೂರ್ಯ ನೀರಿಗೆ ಇಳಿದ, ಅರ್ಧವಾದ, ಆಮೇಲೆ ಕಾಣಲಿಲ್ಲ. ಅತ್ತೆ ಸಾಕು ಎನ್ನಲಿಲ್ಲ. ಅವರ ಮುಖದ ತುಂಬ ನಗು ತುಂಬಿದ್ದನ್ನು ನೋಡಿ ಟೈಲರಮ್ಮನಿಗೆ ಹೊಲಿದ ಅಷ್ಟೂ ಅಂಗಿಗಳು ಸಾರ್ಥಕ ಎನಿಸಿತು.

ಬಹಳ ಹೊತ್ತಿನ ಮೇಲೆ ಭಾವ ಅವಳ ಕಡೆ ಬಾಗಿ, ತಗ್ಗಿದ ದನಿಯಲ್ಲಿ ಕೇಳಿದರು. "ನಾಳೆ ಎಷ್ಟು ಹೊತ್ತಿಗೆ ಹೊರಡೋದಮ್ಮ?"

"ಅತ್ತೇನ ಕೇಳಿ ಭಾವ."

ಭಾವ ತಾಯಿಯ ಕಡೆ ತಿರುಗಿದರು. ಅತ್ತೆ ನೀರಿನಿಂದ ಕಣ್ಣು ಕೀಳದೆ ಹೇಳಿದರು. "ತಿಂಡಿ ತಿಂದು ಇನ್ನೊಂದ್ಸಲ ಇಲ್ಲಿಗೆ ಬರೋಣ. ಆಮೇಲೆ ಯೋಚನೆ ಮಾಡಿ ಹೇಳ್ತೀನಿ."