ಭಾವನ ಕೊನೆಯ ಫ್ಲ್ಯಾಷ್ ಬಲ್ಬು

ಎಲ್ಲಿಂದ ಶುರು ಮಾಡಲಿ? ‘ಕಣ್ಣು ಕೋರೈಸುವ ಬೆಳಕು’ ಎಂದು ಬರೆದೆ, ಹೊಡೆದುಹಾಕಿದೆ. ಹಾಗೆ ಶುರುವಾಗುವ ಕತೆಯನ್ನು ನಾನೇ ಓದುವುದಿಲ್ಲ, ನಿಮಗ್ಯಾಕೆ ಆ ಶಿಕ್ಷೆ? ನೇರವಾಗಿ ಹೇಳಿಬಿಡುತ್ತೇನೆ. ನನ್ನ ಭಾವನಿಗೆ ಹಳೇ ಕ್ಯಾಮೆರಾ ಫ್ಲ್ಯಾಷ್‌ಗಳ ಹುಚ್ಚು.

೧. ಬಟ್ಟಲಿನಂಥ ರಿಫ್ಲೆಕ್ಟರ್‌ಗಳು, ಬ್ಯಾಟರಿ ಹಿಡಿಕೆಗಳು, ಬಲ್ಬುಗಳು. ಮನೆಯಲ್ಲಿ ಬಟ್ಟೆಗಿಂತ ಇವಕ್ಕೇ ಹೆಚ್ಚು ಕಪಾಟು. ಈ ಬಲ್ಬು ಒಮ್ಮೆ ಮಿಂಚಿದರೆ ಮುಗಿಯಿತು, ಮತ್ತೆ ಉರಿಯುವುದಿಲ್ಲ. ಭಾವನ ಕೈಗೆ ಬಂದವೆಲ್ಲ ಯಾರೋ ಉರಿಸಿ ಬಿಸಾಕಿದವು. ಜೀವ ಇರುವುದು ಒಂದೇ ಒಂದು. ಇಪ್ಪತ್ತೆಂಟು ವರ್ಷದಿಂದ ಎಲ್ಲದರ ಧೂಳು ಒರೆಸುತ್ತಿರುವವಳು ನನ್ನಕ್ಕ. ಅವಳದೊಂದು ಫೋಟೋವನ್ನೂ ಭಾವ ಇವುಗಳಿಂದ ತೆಗೆದಿಲ್ಲ.

೨. (ಈ ಅಂಕಿ ಯಾಕೆ ಎಂದು ಕೇಳಬೇಡಿ, ಹಾಕಿದರೆ ಗಂಭೀರವಾಗಿ ಕಾಣುತ್ತದೆ.) ಮೊನ್ನೆ ಅಕ್ಕ ಪಟ್ಟು ಹಿಡಿದಳು: ಆ ಬಲ್ಬು ಉರಿಸಿ ನನ್ನದೊಂದು ಫೋಟೋ ತೆಗೆಯಿರಿ, ಇಲ್ಲದಿದ್ದರೆ ತಮ್ಮನ ಮನೆಗೆ ಹೋಗುತ್ತೇನೆ, ವಾಪಸ್ ಬರುವುದಿಲ್ಲ. ತಮ್ಮ ಎಂದರೆ ನಾನು. ನನ್ನದು ಒಂದೇ ಕೋಣೆಯ ಮನೆ. ಕತೆ ಸುಖಾಂತವಾಗಲಿ ಎಂದು ನಾನ್ಯಾಕೆ ಒದ್ದಾಡುತ್ತಿದ್ದೇನೆ, ಈಗ ತಿಳಿಯಿತಲ್ಲ.

೩. ಮೊದಲ ಡ್ರಾಫ್ಟಿನಲ್ಲಿ ಭಾವ ಒಪ್ಪಲಿಲ್ಲ. ಹರಿದುಹಾಕಿದೆ. ಎರಡನೆಯದರಲ್ಲಿ ಕಣ್ಣೀರಿಡುತ್ತಾ ಒಪ್ಪಿದರು. ಅಕ್ಕ ಅದನ್ನು ಓದಿ, ಇವರ ಕಣ್ಣಲ್ಲಿ ನೀರಾ, ಸುಳ್ಳಿಗೂ ಒಂದು ಮಿತಿ ಬೇಡವಾ ಎಂದು ಉಗಿದಳು. ಮೂರನೆಯದರಲ್ಲಿ ಗೊಣಗುತ್ತಾ ಒಪ್ಪಿದರು. ಅದೇ ಇರಲಿ.

ಅಕ್ಕ ತಲೆ ಬಾಚಿ, ಪೌಡರ್ ಹಚ್ಚಿ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಳು. ಭಾವ ಹೊಸ ಬ್ಯಾಟರಿ ಹಾಕಿದರು, ತಂತಿಯ ತುದಿ ಉಜ್ಜಿದರು, ಬಲ್ಬು ಕೂರಿಸಿದರು. ಫಿಲ್ಮ್ ರೋಲ್ ಇನ್ನೂ ಮೇಜಿನ ಮೇಲೇ ಇತ್ತು. ಅಷ್ಟರಲ್ಲಿ ಅವರಿಗೊಂದು ಅನುಮಾನ: ಇಷ್ಟು ಹಳೆಯದು, ಉರಿಯದೇ ಹೋದರೆ ಇವಳೆದುರು ಮಾನ ಹೋಗುತ್ತದೆ. ಸರಿ, ಒಮ್ಮೆ ಪರೀಕ್ಷೆ ಮಾಡಿಬಿಡೋಣ ಎಂದು ಗುಂಡಿ ಒತ್ತಿದರು.

ಉರಿಯಿತು. ಬಹಳ ಚೆನ್ನಾಗಿ ಉರಿಯಿತು.

(ಇದನ್ನು ನಾನು ಬರೆಯಲಿಲ್ಲ, ನನ್ನಾಣೆ.)

೫. (ನಾಲ್ಕು ಗಾಬರಿಯಲ್ಲಿ ಬಿಟ್ಟುಹೋಯಿತು.) ನಾನು ಪೆನ್ನು ಹಿಡಿದು ಓಡಿಬಂದೆ. ಕಪಾಟಿನ ಹಿಂದೆ ಇನ್ನೊಂದು ಜೀವಂತ ಬಲ್ಬು ಸಿಕ್ಕಿತು ಎಂದು ಬರೆದುಬಿಡಲಾ? ಒಂದೇ ಸಾಲಿನ ಕೆಲಸ. ಭಾವ ಆಸೆಯಿಂದ ನನ್ನ ಪೆನ್ನನ್ನೇ ನೋಡಿದರು.

“ಬೇಡ ಬಿಡೋ,” ಅಂದಳು ಅಕ್ಕ. “ಇನ್ನೊಂದು ಸಿಕ್ಕಿದ್ರೆ ಅದನ್ನೂ ಎತ್ತಿಡ್ತಾರೆ.”

ಭಾವ ಉರಿದ ಬಲ್ಬನ್ನೂ ಕಪಾಟಿಗೆ ಎತ್ತಿಟ್ಟರು. ಅಕ್ಕ ಇನ್ನೂ ಕುರ್ಚಿಯಿಂದ ಎದ್ದಿಲ್ಲ, ಬೆನ್ನು ನೆಟ್ಟಗೇ ಇದೆ. ಅವಳನ್ನು ಎಬ್ಬಿಸುವ ವಾಕ್ಯವನ್ನು ನಾನಂತೂ ಬರೆಯುವುದಿಲ್ಲ. ಬೇಕಿದ್ದರೆ ನೀವೇ ಬರೆದುಕೊಳ್ಳಿ. ಎದ್ದು ಎಲ್ಲಿಗೆ ಹೋದಳು ಎಂದು ಮಾತ್ರ ನನ್ನನ್ನು ಕೇಳಬೇಡಿ.