ಗಣಿತದ ಪೀರಿಯಡ್ಡು

“ನಿನ್ನ ಮಗಳ ತಲೇಲಿರೋದು ಮಿದುಳಲ್ಲ ಕಣೇ, ಅವಳು ಕಲಸೋ ಜೇಡಿಮಣ್ಣು!” ಹೆಡ್‌ಮಾಸ್ಟರು ಅಂಕಪಟ್ಟಿಯನ್ನು ಮೇಜಿನ ಮೇಲೆ ಕುಕ್ಕಿದರು. “ಗಣಿತಕ್ಕೆ ನೂರಕ್ಕೆ ಒಂಬತ್ತು! ನಾಚಿಕೆ ಆಗಲ್ವಾ?”

ಕಸ ಗುಡಿಸುವವಳು ಹೊಸ್ತಿಲು ದಾಟಿರಲಿಲ್ಲ. ಒಳಗೆ ಬಾ ಎಂದು ಯಾರೂ ಅಂದಿರಲಿಲ್ಲ. ಚಿತ್ರ, ಶಿಲ್ಪ, ಸಂಗೀತ ಕಲಿಸುವ ಆ ಪುಟ್ಟ ಸರ್ಕಾರಿ ಹೈಸ್ಕೂಲಿನಲ್ಲಿ ಅವಳು ಹನ್ನೊಂದು ವರ್ಷದಿಂದ ಪೊರಕೆ ಹಿಡಿದಿದ್ದಳು. ಮಗಳು ಅಲ್ಲೇ ಹತ್ತನೇ ತರಗತಿ. ಹೋದ ವರ್ಷ ಅವಳು ಮಾಡಿದ ಮಣ್ಣಿನ ಎಮ್ಮೆಗೆ ಬಂದ ಬಹುಮಾನದ ಕಪ್ ಹೆಡ್‌ಮಾಸ್ಟರ ಬೆನ್ನ ಹಿಂದಿನ ಬೀರುವಿನಲ್ಲಿ ಥಳಥಳ ಹೊಳೆಯುತ್ತಿತ್ತು.

ಪಕ್ಕದ ಕುರ್ಚಿಯಲ್ಲಿದ್ದ ಇಲಾಖೆಯ ಸಾಹೇಬರು ಫೋನಿನಿಂದ ತಲೆ ಎತ್ತಲಿಲ್ಲ. “ನೋಡಮ್ಮಾ, ಈ ಸಲ ನೂರಕ್ಕೆ ನೂರು ರಿಸಲ್ಟ್ ಬರ್ಬೇಕು. ಇಲ್ದಿದ್ರೆ ಶಾಲೆ ಮುಚ್ತಾರೆ. ಇಂಥ ದಡ್ಡ ಮುಂಡೇವು ಆರು ಇದಾವೆ. ಟಿಸಿ ತಗೊಂಡು ಹೋಗ್ಲಿ.”

“ಪರೀಕ್ಷೆಗೆ ಇನ್ನೂ ಎರಡು ತಿಂಗಳಿದೆಯಲ್ಲ ಸ್ವಾಮಿ?”

“ಬಾಯ್ಮುಚ್ಕೊಂಡು ಸಹಿ ಹಾಕೇ,” ಎಂದರು ಹೆಡ್‌ಮಾಸ್ಟರು.

ಅವಳಿಗೆ ತನ್ನ ಹೆಸರು ಬರೆಯುವಷ್ಟೇ ಅಕ್ಷರ. ಅದೂ ಮಗಳು ಕಲಿಸಿದ್ದು. ವರಾಂಡದಲ್ಲಿ ನಿಂತಿದ್ದ ಮಗಳನ್ನು ಕರೆದು ಕಾಗದ ಕೊಟ್ಟಳು. “ಓದು.”

ಹುಡುಗಿ ಓದಿದಳು. “‘ಸ್ವಂತ ಇಚ್ಛೆಯಿಂದ ಮಗಳನ್ನು ಶಾಲೆ ಬಿಡಿಸುತ್ತಿದ್ದೇನೆ’ ಅಂತಿದೆ ಅಮ್ಮಾ. ಕಾರಣ ಅನ್ನೋ ಜಾಗ ಖಾಲಿ ಇದೆ.”

“ಇಚ್ಛೆಯಂತೆ ಇಚ್ಛೆ! ಯಾವ ಬೋಳಿಮಗ ಕೇಳಿದ್ದ ನನ್ನ ಇಚ್ಛೆ?”

ಸಾಹೇಬರು ಈಗ ತಲೆ ಎತ್ತಿದರು. ಅವಳು ಹೆಡ್‌ಮಾಸ್ಟರ ಕಡೆ ತಿರುಗಿದಳು.

“ಗಣಿತದ ಮೇಷ್ಟ್ರು ವರ್ಗವಾಗಿ ಹೋಗಿ ಎರಡು ವರ್ಷ ಆಯ್ತು. ಇನ್ನೊಬ್ರು ಬರ್ಲೇ ಇಲ್ಲ. ಆ ಪೀರಿಯಡ್ಡಲ್ಲಿ ಈ ಮಕ್ಕಳ ಕೈಲಿ ಏನ್ ಮಾಡಿಸಿದ್ರಿ ಸಾರ್? ಈ ಸಾಹೇಬ್ರ ಮನೆ ಗೇಟಿಗೆ ಎರಡು ಸಿಂಹ! ಚೆಲ್ಲಿದ ಮಣ್ಣು ಬಳಿದೋಳು ನಾನು. ನನಗೆ ಗೊತ್ತಿಲ್ವಾ?”

ಹೆಡ್‌ಮಾಸ್ಟರ ಮುಖ ಬಿಳಿಚಿಕೊಂಡಿತು. ಸಾಹೇಬರು ಕಿಟಕಿಯ ಕಡೆ ತಿರುಗಿದರು.

“ಬರಿಯೇ,” ಎಂದಳು ತಾಯಿ ಮಗಳಿಗೆ. “ಕಾರಣ ಅನ್ನೋ ಜಾಗದಲ್ಲಿ ಬರಿ. ಎರಡು ವರ್ಷದಿಂದ ಗಣಿತ ಹೇಳ್ಕೊಡೋಕೆ ಮೇಷ್ಟ್ರಿಲ್ಲ. ನನ್ನ ಮಗಳು ಶಾಲೆ ಬಿಡಲ್ಲ.”

ಹುಡುಗಿ ಬರೆದಳು. ತಾಯಿ ಕೆಳಗೆ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು. ಹೆಡ್‌ಮಾಸ್ಟರು ಕಿತ್ತುಕೊಳ್ಳಲು ಕೈ ಚಾಚುವಷ್ಟರಲ್ಲಿ ಕಾಗದ ಅವಳ ಸೊಂಟ ಸೇರಿತ್ತು.

ಗಣಿತದ ಪೀರಿಯಡ್ಡಿನ ಗಂಟೆ ಹೊಡೆಯಿತು. ಅವಳು ಮಗಳ ರಟ್ಟೆ ಹಿಡಿದು ನೆಟ್ಟಗೆ ಹತ್ತನೇ ತರಗತಿಗೆ ನಡೆದಳು. ಮಗಳನ್ನು ಮುಂದಿನ ಬೆಂಚಿಗೆ ಕೂರಿಸಿದಳು. ಮೂಲೆಯಲ್ಲಿ ಮುದುಡಿ ಕುಳಿತಿದ್ದ ಉಳಿದ ಐವರನ್ನೂ ಕರೆದು ಪಕ್ಕದಲ್ಲಿ ಕೂರಿಸಿ, ತಾನು ಬೋರ್ಡಿನ ಕೆಳಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದಳು.

ಹೆಡ್‌ಮಾಸ್ಟರು ಏದುಸಿರು ಬಿಡುತ್ತಾ ಬಾಗಿಲಿಗೆ ಬಂದರು. “ಏಳೇ! ನಾಳೆಯಿಂದ ನಿನಗೆ ಕೆಲಸ ಇಲ್ಲ!”

“ನಾಳೆ ಮಾತು ನಾಳೆಗಾಯ್ತು ಸಾರ್. ಈಗ ಗಣಿತ.” ಅವಳು ಕುಳಿತಲ್ಲಿಂದಲೇ ಬೋರ್ಡಿನ ಅಂಚಿಗೆ ಕೈ ಹಾಕಿ, ಒಂದು ಸೀಮೆಸುಣ್ಣದ ತುಂಡು ತೆಗೆದು ಅವರತ್ತ ಚಾಚಿದಳು. “ಶುರು ಮಾಡಿ.”

ಮೂವತ್ತೊಂದು ಮಕ್ಕಳು ನೋಟ್‌ಬುಕ್ ತೆರೆದರು. ಹೆಡ್‌ಮಾಸ್ಟರು ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ. ಅವಳು ಕೈ ಇಳಿಸಲಿಲ್ಲ.